ಔಷಧಿ ಎಂದು ಕರೆಯಲಾಗುವ ವಿಷ: ಒಂದು ಕಾಯಿದೆಯ ಇತಿಹಾಸ

ವಾಚಕರೇ, ನಮ್ಮ ಕೃಷ್ಣಾ ತೀರದ ಒಕ್ಕಲಿಗನು ಬೆಳೆಗೆ ಸಿಂಪಡಿಸುವ ರಾಸಾಯನಿಕವನ್ನು ವಿಷವೆಂದು ಕರೆಯುವುದಿಲ್ಲ. 'ಎಣ್ಣೆ ಹೊಡೆಯುವುದು' ಎನ್ನುತ್ತಾನೆ, ಇಲ್ಲವೆ 'ಔಷಧಿ ಹಾಕುವುದು' ಎನ್ನುತ್ತಾನೆ. ಚಿಕ್ಕೋಡಿ, ರಾಯಬಾಗಗಳ ಕಬ್ಬಿನ ಹೊಲಗಳಲ್ಲಿಯೂ ಅಥಣಿ, ಕಾಗವಾಡಗಳ ದ್ರಾಕ್ಷಿ ತೋಟಗಳಲ್ಲಿಯೂ ಮಾತು ಇದೇ. ನಿಪ್ಪಾಣಿಯ ಹಿರಿಯರಿಗೆ ಮಾತ್ರ ಈ ವಸ್ತುವಿನ ನಿಜಸ್ವರೂಪದ ಪರಿಚಯ ಮೊದಲಿನಿಂದಲೂ ಇದ್ದಿರಬೇಕು. ಏಕೆಂದರೆ ಕಾರ್ಖಾನೆಯ ಡಬ್ಬಿಗಳು ಬರುವ ಮುನ್ನ ಲೋಕದ ಅನೇಕ ಕಡೆ ಹುಳು ಕೊಲ್ಲಲು ಬಳಸುತ್ತಿದ್ದುದು ತಂಬಾಕಿನ ಕಷಾಯವನ್ನು. ಅದರಲ್ಲಿರುವ ನಿಕೋಟಿನ್ ಹುಳುವಿಗೂ ವಿಷ, ಮನುಷ್ಯನಿಗೂ ವಿಷ.

ಸ್ವಾತಂತ್ರ್ಯ ಬಂದ ಆರಂಭದ ವರ್ಷಗಳಲ್ಲಿ ಇಂತಹ ರಾಸಾಯನಿಕಗಳನ್ನು ಹತೋಟಿಯಲ್ಲಿಡಲು ಪ್ರತ್ಯೇಕ ರಾಷ್ಟ್ರೀಯ ಕಾಯಿದೆ ಇರಲಿಲ್ಲ. 1919 ರ ವಿಷಗಳ ಅಧಿನಿಯಮವೊಂದಿತ್ತು. ಅದು ಬ್ರಿಟಿಷರ ಕಾಲದ್ದು, ವಿಷದ ಆಮದು ಮತ್ತು ಮಾರಾಟವನ್ನು ಕುರಿತದ್ದು. 1958 ರ ಬೇಸಿಗೆಯಲ್ಲಿ ಕೇರಳದಲ್ಲಿ ಘೋರ ದುರಂತವೊಂದು ಸಂಭವಿಸಿತು. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಆಹಾರ ಪದಾರ್ಥವನ್ನೂ ಒಂದೇ ಹಡಗಿನಲ್ಲಿ ಸಾಗಿಸಲಾಗಿತ್ತು. ಸೋರಿದ ವಿಷವು ಗೋದಿಯ ಹಿಟ್ಟಿಗೆ ತಗುಲಿತು. ಅದನ್ನು ಉಂಡವರಲ್ಲಿ ನೂರಕ್ಕೂ ಹೆಚ್ಚು ಜನ ಮೃತರಾದರು. ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ಹತ್ತು ವರ್ಷಗಳ ಅನಂತರ 1968 ರಲ್ಲಿ ಕೀಟನಾಶಕಗಳ ಅಧಿನಿಯಮವು ಅಂಗೀಕಾರವಾಗಿ, 1971 ರಲ್ಲಿ ಜಾರಿಗೆ ಬಂದಿತು. ಸತ್ತವರು ಮೊದಲು, ಕಾಯಿದೆ ಆಮೇಲೆ: ಮುಂದಿನ ಇತಿಹಾಸದಲ್ಲಿಯೂ ಇದೇ ಕ್ರಮವನ್ನು ತಾವು ಕಾಣುವಿರಿ.

ಈ ಕಾಯಿದೆಯನ್ನು ಅಲ್ಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನೋಂದಣಿಯಾಗದ ಕೀಟನಾಶಕವನ್ನು ತಯಾರಿಸಕೂಡದು, ಪರವಾನಿಗೆ ಇಲ್ಲದವನು ಮಾರಕೂಡದು ಎಂದು ಅದು ವಿಧಿಸಿತು. ಡಬ್ಬಿಯ ಮೇಲಣ ಚೌಕದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯನ್ನು ತೋರಬೇಕೆಂದೂ ನಿಯಮವಾಯಿತು. ಕೆಂಪು ಅತ್ಯಂತ ಉಗ್ರ. (ಈ ಬಣ್ಣಗಳ ಅರ್ಥವನ್ನು ಕೊಳ್ಳುವವನಿಗೆ ತಿಳಿಸಿ ಹೇಳುವ ಅಂಗಡಿಕಾರರು ನಮ್ಮ ಪೇಟೆಗಳಲ್ಲಿ ಎಷ್ಟು ಮಂದಿ ಇರುವರೋ!) ಆದರೆ ಎರಡು ಕೊರತೆಗಳು ಅದರಲ್ಲಿ ಹುಟ್ಟಿನಿಂದಲೇ ಉಳಿದವು. ವಿಷದಿಂದ ಪೀಡಿತನಾದವನಿಗೆ ಪರಿಹಾರ ಕೊಡುವ ವಿಧಿ ಅದರಲ್ಲಿ ಸೇರಲಿಲ್ಲ. ಮತ್ತೆ, 27 ನೆಯ ಕಲಮಿನ ಮೇರೆಗೆ ರಾಜ್ಯ ಸರಕಾರವು ಒಂದು ಕೀಟನಾಶಕದ ಮಾರಾಟವನ್ನು ತಡೆಯಬಹುದಾದುದು 60 ದಿನಗಳ ಮಟ್ಟಿಗೆ. ತನಿಖೆ ಮುಗಿಯದಿದ್ದರೆ ಇನ್ನೂ 30 ದಿನ. ಶಾಶ್ವತ ನಿಷೇಧದ ಕೀಲಿಕೈ ದೆಹಲಿಯಲ್ಲಿಯೇ ಉಳಿಯಿತು.

ಈ ಎರಡನೆಯ ಕೊರತೆ ಗಡಿಭಾಗದವರಾದ ನಮಗೆ ಬೇಗ ಅರ್ಥವಾಗುವಂಥದು. ನಿಪ್ಪಾಣಿಯಿಂದ ಕೊಲ್ಹಾಪುರದ ಸೀಮೆ, ಕಾಗವಾಡದಿಂದ ಮೀರಜಿನ ಸೀಮೆ ಕೂಗಳತೆಯಲ್ಲಿವೆ. ಬೆಂಗಳೂರಿನಲ್ಲಿ ಹೊರಟ ನಿಷೇಧದ ಆಜ್ಞೆ ಗಡಿಯ ಕಲ್ಲಿನವರೆಗೆ ಮಾತ್ರ ನಡೆಯುತ್ತದೆ. ದೂಧಗಂಗೆ, ವೇದಗಂಗೆ, ಕೃಷ್ಣೆಯರಾದರೋ ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ಊರುಗಳಿಗೆ ಹರಿದು ಬರುತ್ತಾರೆ. ಆದುದರಿಂದ ಇನ್ನೊಂದು ಗಡಿಯಲ್ಲಿ ನಮ್ಮ ಭಾಷೆಯನ್ನೇ ಆಡುವ ಜನ ಅನುಭವಿಸಿದುದನ್ನು ನಾವು ತಿಳಿದಿರಬೇಕು.

ಅದು ಕಾಸರಗೋಡು. ಅಲ್ಲಿಯ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಮೊದಲಾದ ಕನ್ನಡ ಪ್ರದೇಶದ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಗೇರು ಚಿಗುರನ್ನು ಹೀರುವ ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000 ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಆ ಜನ ಕುಡಿಯುವುದು ಗುಡ್ಡವನ್ನು ಕೊರೆದು ಮಾಡಿದ ಸುರಂಗಗಳ ನೀರನ್ನು, ತೆರೆದ ತೋಡುಗಳ ನೀರನ್ನು. ಮೇಲಿನಿಂದ ಬಿದ್ದುದು ಎಲ್ಲಿಗೆ ಸೇರುವುದೆಂಬುದನ್ನು ವಿವರಿಸಬೇಕಾಗಿಲ್ಲ. ವಿಮಾನ ಸಿಂಪಡಣೆಗೆ ಮುನ್ನ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ ಜಾನುವಾರುಗಳನ್ನು ಆ ಪ್ರದೇಶದಿಂದ ದೂರವಿಡಬೇಕು ಎಂಬ ನಿಯಮ 1971 ರಿಂದಲೇ ಇತ್ತು. ಮನೆ, ಶಾಲೆ, ಬಾವಿಗಳು ತೋಟದ ಮಗ್ಗುಲಲ್ಲಿಯೇ ಇರುವಾಗ ದೂರವೆಂದರೆ ಎಲ್ಲಿ?

ಮೊದಲ ಕುರುಹು ಕಂಡುದು ದನಕರುಗಳಲ್ಲಿ. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕುರಿತು ಪತ್ರಕರ್ತ ಶ್ರೀ ಪಡ್ರೆಯವರು 1979 ರಷ್ಟು ಹಿಂದೆಯೇ ಬರೆದರು. ಯಾರೂ ಕಿವಿಗೊಡಲಿಲ್ಲ. ಬಳಿಕ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರಗಳು ಹೆಚ್ಚಾಗಿರುವುದನ್ನು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ಗುರುತಿಸಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು 1998 ರಲ್ಲಿ ಹೊಸದುರ್ಗದ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಒಬ್ಬ ಬರಹಗಾರ, ಒಬ್ಬ ಹಳ್ಳಿಯ ವೈದ್ಯ, ಒಬ್ಬ ಮಹಿಳೆ! ನೋಂದಣಿಯ ಸಮಿತಿಗಳು ಮಾಡಬೇಕಾಗಿದ್ದ ಕೆಲಸವನ್ನು ಇವರು ಮಾಡಿದರೆಂದರೆ ಅತಿಶಯೋಕ್ತಿಯಲ್ಲ.

2005 ರಲ್ಲಿ ಕೇಂದ್ರವು ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು, ಆದರೆ ಕೇರಳದಲ್ಲಿ ಮಾತ್ರ. ಎಣ್ಮಕಜೆಯ ಗಡಿ ದಾಟಿದರೆ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆ. ಪುತ್ತೂರು, ಬೆಳ್ತಂಗಡಿ ಕಡೆಯ ಗೇರು ತೋಟಗಳಿಗೂ ಹಿಂದೆ ಇದೇ ವಿಷವನ್ನು ಆಕಾಶದಿಂದ ಸುರಿಯಲಾಗಿತ್ತು, ಕೊಕ್ಕಡ ಮುಂತಾದ ಗ್ರಾಮಗಳಲ್ಲಿ ಅವೇ ವ್ಯಾಧಿಗಳು ಕಂಡಿದ್ದವು. ಆದರೂ ಗಡಿಯ ಆಚೆ ವಿಷವೆನಿಸಿದ್ದು ಈಚೆ ಇನ್ನೂ ಆರು ವರ್ಷ ಔಷಧಿಯಾಗಿಯೇ ಮಾರಾಟವಾಯಿತು. 2011 ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ನಿಷೇಧ ಹೊರಡಿಸಿದಾಗ ಕಾಯಿದೆಯಂತೆ ಅದರ ಆಯುಷ್ಯ 60 ದಿನ. ಅದೇ ಏಪ್ರಿಲ್ಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ರಾಸಾಯನಿಕವನ್ನು ಜಗತ್ತಿನಿಂದಲೇ ತೊಲಗಿಸಲು ನಿರ್ಧರಿಸಿದವು. ಮೇ 13 ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆ ಹಾಕಿತು.

ಪರಿಹಾರದ ಮಾತು ಇನ್ನೂ ತಡವಾಯಿತು. 2017 ರ ಜನವರಿಯಲ್ಲಿ ಅದೇ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳಕ್ಕೆ ಆಜ್ಞಾಪಿಸಿತು. ಐದು ವರ್ಷಗಳ ಮೇಲೆ, 2022 ರಲ್ಲಿ, ವಿಳಂಬಕ್ಕಾಗಿ ಅದೇ ಸರಕಾರವನ್ನು ಕಟುವಾಗಿ ಆಕ್ಷೇಪಿಸಬೇಕಾಯಿತು. ಕಾಯಿದೆಯಲ್ಲಿಯೇ ಹಕ್ಕಾಗಿ ಬರೆದಿದ್ದರೆ ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ನ್ಯಾಯಾಲಯದ ಮೆಟ್ಟಿಲು ಏರಬೇಕಾಗಿರಲಿಲ್ಲ.

ದಿಲ್ಲಿಯಲ್ಲಿ ಯತ್ನಗಳು ನಡೆಯದೆ ಇರಲಿಲ್ಲ. 1968 ರ ಕಾಯಿದೆಯ ಸ್ಥಾನದಲ್ಲಿ ಹೊಸದನ್ನು ತರಲು 2008 ರಲ್ಲಿ ಮಸೂದೆ ಮಂಡನೆಯಾಯಿತು, ಶಾಸನವಾಗಲಿಲ್ಲ. 2017 ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ ರೈತರು, ಕೂಲಿಕಾರರು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರು ವರ್ಷ ಕೇಂದ್ರವು 18 ಕೀಟನಾಶಕಗಳ ನಿಷೇಧವನ್ನು ಪ್ರಕಟಿಸಿತು. ಅವುಗಳಲ್ಲಿ ಕೆಲವಕ್ಕೆ 2020 ರ ಕೊನೆಯವರೆಗೆ ಅವಧಿ ಕೊಟ್ಟಿತು. 2020 ರ ಮಾರ್ಚಿಯಲ್ಲಿ ಮತ್ತೊಂದು ಮಸೂದೆ ರಾಜ್ಯಸಭೆಗೆ ಬಂದು, 2021 ರಲ್ಲಿ ಸ್ಥಾಯೀ ಸಮಿತಿಯ ಪರಿಶೀಲನೆಗೆ ಹೋಯಿತು. ದಂಡದ ಮೊತ್ತವನ್ನು ಲಕ್ಷಗಳಿಗೆ ಏರಿಸುವ ಸೂಚನೆ ಅದರಲ್ಲಿದ್ದಿತು. ನಷ್ಟಪರಿಹಾರದ ಪ್ರಸ್ತಾಪವೂ ಇದ್ದಿತು.

ಇಂತಹ ಮಸೂದೆಗಳ ಕರಡು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯ ಕೇಳುವ ರೂಢಿಯುಂಟು. ಕಂಪನಿಗಳು ತಪ್ಪದೆ ಬರೆಯುತ್ತವೆ. ಅಥಣಿಯ ದ್ರಾಕ್ಷಿ ಬೆಳೆಗಾರನೂ ರಾಯಬಾಗದ ಕಬ್ಬಿನ ರೈತನೂ ಬರೆಯುವುದಾದರೆ, ಕೇಳಬೇಕಾದ ಪ್ರಶ್ನೆಗಳು ಎರಡೇ: ರಾಜ್ಯವು ಹಾಕಿದ ತಡೆ ಎಷ್ಟು ದಿನ ನಿಲ್ಲುವುದು? ಪಂಪು ಹೊತ್ತ ಕೂಲಿಯವನು ಹೊಲದಲ್ಲಿ ಕುಸಿದು ಬಿದ್ದರೆ ಅವನ ಮನೆಯವರಿಗೆ ಯಾರು, ಯಾವ ಕಲಮಿನ ಮೇರೆಗೆ ಕೊಡುವರು?