ಎರಡೇ ಮನೆಯ ಕ್ರಿಯಾಪದ

ಧಾರವಾಡದ ಬಳಿಯ ಮುಗದದ ಕಡೆ ಹಗಲು ಹೊತ್ತಿನಲ್ಲಿ ‘ಎಣ್ಣಿ ಹೊಡ್ಯಾಕ ಹೋಗ್ಯಾನ’ ಅಂದರೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಬೆಳೆಗೆ ಔಷಧ ಸಿಂಪಡಿಸಲು ಹೋಗಿದ್ದಾನೆ ಎಂದರ್ಥ. ಅದೇ ಮಾತನ್ನು ಸಂಜೆ ಏಳರ ಮೇಲೆ ಆಡಿದರೆ ಮನೆಯಾಕಿಯ ಹುಬ್ಬು ಗಂಟಾಗುತ್ತದೆ.

ಪೆಟ್ಟು ಕೊಡುವುದು ‘ಹೊಡೆ’ಯ ಹುಟ್ಟುಗುಣ ಇರಬಹುದು, ಆದರೆ ಈ ಸೀಮೆಯಲ್ಲಿ ಅದರ ಹೆಚ್ಚಿನ ದುಡಿಮೆ ಹೊಲದಲ್ಲೇ. ಮಳೆ ನಂಬಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ನೆಲವಿದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಈ ಊರಲ್ಲಿದೆ. ‘ಮುಗದ ಸುಗಂಧ’ ಎಂಬ ತಳಿ ಊರಿನ ಹೆಸರನ್ನೇ ಹೊತ್ತಿದೆ. ಬಿತ್ತುವ ಮುಂಚೆ ರಂಟಿ ಹೊಡಿ, ಗೊಬ್ಬರ ಹೊಡಿ. ಸಸಿ ಎದ್ದ ಮೇಲೆ ಎಡಿ ಹೊಡಿ. ಗೊಬ್ಬರ ಹೊಡೆಯುವುದೆಂದರೆ ತಿಪ್ಪೆಯಿಂದ ಹೊಲಕ್ಕೆ ಚಕ್ಕಡಿಯಲ್ಲಿ ಸಾಗಿಸುವುದು, ಏಟಿನ ಸುಳಿವೇ ಇಲ್ಲ! ಮುಂದೆ ನಿಂತ ನಾಮಪದ ಹೇಳಿದಂತೆ ಕೇಳುವ ಆಳು ಈ ಕ್ರಿಯಾಪದ. ಹರಟೆ, ನಿದ್ದೆ, ಸಿಳ್ಳೆ, ಕಾಪಿ, ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ.

ಪದಗಳ ಆಟಕ್ಕೆ ಬಂದರೆ ಇದರ ಬೆಲೆ ಕಮ್ಮಿ. ಇಂಗ್ಲಿಷಿನ ಸ್ಕ್ರ್ಯಾಬಲ್‌ನಲ್ಲಿ ‘ಹಿಟ್’ಗೆ 6 ಅಂಕವಾದರೂ ಉಂಟು. ನಮ್ಮ ಪದಬಂಧದಲ್ಲಿ ಅಕ್ಷರಕ್ಕೊಂದು ಮನೆ. ಸ್ವರ, ಒತ್ತು ಎಲ್ಲ ಅದರೊಳಗೇ. ಇಷ್ಟು ದುಡಿದ ‘ಹೊಡೆ’ಗೆ ಸಿಕ್ಕುವುದು ಎರಡೇ ಮನೆ. ಆದರೆ ಕೊನೆಯಕ್ಷರ ಹಿಡಿದು ಪದ ಕಟ್ಟುವ ಆಟದಲ್ಲಿ ಇದು ಪಕ್ಕಾ ಕಿಡಿಗೇಡಿ. ‘ಡೆ’ಯಿಂದ ಏನು ಹೇಳುತ್ತೀರಿ? ದೀರ್ಘಕ್ಕೆ ರಿಯಾಯಿತಿ ಕೊಟ್ಟರೆ ‘ಡೇರೆ’. ನಮ್ಮವರ ಬಾಯಲ್ಲಿ ಅದು ‘ಹೊಡಿ’ಯಾದ್ದರಿಂದ ‘ಡಿ’ ಬರುತ್ತದೆ, ಆಗ ‘ಡಿಕ್ಕಿ’. ತಮಾಷೆಯೆಂದರೆ ಡೇರೆಯನ್ನೂ ಹೊಡೆಯಬೇಕು, ಡಿಕ್ಕಿಯನ್ನೂ ಹೊಡೆಯಬೇಕು.

ಇನ್ನೊಂದು ‘ಹೊಡೆ’ ಇದೆ, ಅದು ನಾಮಪದ. ತೆನೆ ಇನ್ನೂ ಎಲೆಯ ಮಡಿಲೊಳಗೇ ಉಬ್ಬಿಕೊಂಡಿರುವಾಗ ಭತ್ತ ‘ಹೊಡಿಗೆ ಬಂದೈತಿ’ ಅನ್ನುತ್ತಾರೆ. ಹಳಗನ್ನಡದಲ್ಲಿ ‘ಪೊಡೆ’ ಅಂದರೆ ಹೊಟ್ಟೆ. ಬಸಿರಿನ ಸೂಚನೆ ಅಲ್ಲೇ ಸಿಗುತ್ತದೆ. ಈ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಳು ಜೊಳ್ಳು.

ಪದಬಂಧ ಕಟ್ಟುವವರು ಈ ನಾಮಪದವನ್ನು ಮರೆತಂತಿದೆ, ಸುಳಿವು ಬೇಕೆಂದರೆ ‘ಥಳಿಸು’ ಎಂದೇ ಬರೆಯುತ್ತಾರೆ. ‘ಹೊರಬೀಳದ ತೆನೆ’ ಎಂದು ಕೊಟ್ಟು ನೋಡಲಿ. ಪೇಟೆಯವರು ಪೆನ್ಸಿಲ್ ಕಚ್ಚುತ್ತ ಕೂತಾರು. ಮುಗದದವರು ಪೆನ್ನಿನಲ್ಲೇ ತುಂಬಿಯಾರು. ‘ಹೊಡಿ’ ಎಂದೇ ತುಂಬುತ್ತಾರೆ, ಮೇಲಿನಿಂದ ಕೆಳಗಿನ ಪದ ಕೆಡುತ್ತದೆ, ಅದು ಬೇರೆ ಮಾತು.