ಹುಡಿಮಣ್ಣಿನ ಕ್ರಿಯಾಪದ

ಹಾಳಾಗುವಿಕೆಯ ನಾನಾ ಬಗೆಗಳಿಗೆ ಬೇರೆಬೇರೆ ಹೆಸರಿಡುವುದರಲ್ಲಿ ಇಂಗ್ಲಿಷ್ ಭಾಷೆ ತೋರಿರುವ ಔದಾರ್ಯ ಸಾಮಾನ್ಯವಾದುದಲ್ಲ. ಹಣ್ಣು ನೀರೊಡೆದು ಕೊಳೆತರೆ ‘ರಾಟ್’, ಮಾಂಸ ದುರ್ಗಂಧಕ್ಕೆ ತಿರುಗಿದರೆ ‘ಪ್ಯೂಟ್ರಿಫೈ’, ಹಲ್ಲಿನಿಂದ ಹಿಡಿದು ಸಾಮ್ರಾಜ್ಯದವರೆಗೆ ಯಾವುದು ತನ್ನ ಪೂರ್ವಸ್ಥಿತಿಯಿಂದ ಜಾರಿದರೂ ‘ಡಿಕೇ’. ಈ ಕೊನೆಯ ಶಬ್ದದ ಲ್ಯಾಟಿನ್ ಧಾತುವಿಗೆ ಬೀಳುವುದೆಂದೇ ಅರ್ಥವಾದುದರಿಂದ ಅದು ರಾಜ್ಯಗಳ ಪತನಕ್ಕೆ ಒಪ್ಪಿದಷ್ಟು ಹಲ್ಲಿನ ಹುಳುಕಿಗೆ ಒಪ್ಪುವುದಿಲ್ಲವೆಂದು ನನ್ನ ಭಾವನೆ. ಇವುಗಳ ನಡುವೆ ಸದ್ದಿಲ್ಲದೆ ಕುಳಿತಿರುವ ‘ಮೋಲ್ಡರ್’ ಎಂಬ ಕ್ರಿಯಾಪದವನ್ನು ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಬಹುಮಟ್ಟಿಗೆ ಥಾಮಸ್ ಗ್ರೇ ಕವಿಯ 1751ರ ಶೋಕಗೀತೆಯಲ್ಲಿಯೇ ಮೊದಲು ಕಂಡಿರಬೇಕು. ಹಳ್ಳಿಯ ಇಗರ್ಜಿಯಂಗಳದಲ್ಲಿ, ಮರಗಳ ನೆಳಲಿನಲ್ಲಿ, ಹುಲ್ಲು ಹೊದ್ದು ಉಬ್ಬಿ ನಿಂತ ಸಮಾಧಿಗುಡ್ಡೆಗಳಿಗೆ ಕವಿ ಈ ಶಬ್ದವನ್ನು ವಿಶೇಷಣವಾಗಿ ಇರಿಸಿದ್ದಾನೆ. ಪಾಠ ಹೇಳುವವರು ಅದನ್ನು ‘ಕೊಳೆಯುತ್ತಿರುವ’ ಎಂದು ಅರ್ಥೈಸಿ ಮುಂದಕ್ಕೆ ಸಾಗುವುದುಂಟು. ಮಣ್ಣಿನ ಗುಡ್ಡೆ ಕೊಳೆಯುವುದೆಂತು ಎಂದು ಕೇಳುವ ವಿದ್ಯಾರ್ಥಿ ತರಗತಿಗೊಬ್ಬನಾದರೂ ಇರಬೇಕಾಗಿತ್ತು.

ಈ ಗೊಂದಲಕ್ಕೆ ಕಾರಣ ಕಾಗುಣಿತ. ಇಂಗ್ಲಿಷಿನಲ್ಲಿ ಒಂದೇ ಬಗೆಯಾಗಿ ಬರೆಯುವ ‘ಮೋಲ್ಡ್’ಗಳು ಮೂರುಂಟು, ಮೂರಕ್ಕೂ ಹುಟ್ಟಿನ ಸಂಬಂಧವಿಲ್ಲ. ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟು ಒಂದು. ಅದು ಸ್ಕ್ಯಾಂಡಿನೇವಿಯದ ಭಾಷೆಗಳಿಗೆ ನಂಟುಳ್ಳ ಬೇರೊಂದು ಮಾತಿನಿಂದ ಬಂದುದು. ಎರಕ ಹುಯ್ಯುವ ಅಚ್ಚು ಎರಡನೆಯದು. ಅದು ಅಳತೆಯೆಂಬ ಅರ್ಥದ ಲ್ಯಾಟಿನ್ ‘ಮೋಡ್ಯುಲಸ್’ ಫ್ರೆಂಚಿನ ಮೂಲಕ ಸವೆದು ಬಂದ ರೂಪ. ಮೂರನೆಯದೇ ಎಲ್ಲಕ್ಕೂ ಹಳೆಯದು: ಪ್ರಾಚೀನ ಇಂಗ್ಲಿಷಿನ ‘ಮೋಲ್ಡೆ’, ಎಂದರೆ ಸಡಿಲವಾದ ಹುಡಿಮಣ್ಣು. ನಮ್ಮ ಕ್ರಿಯಾಪದ ಈ ಮೂರನೆಯ ಮನೆಯ ಮಗುವೆಂಬುದೇ ಬಲವಾದ ಊಹೆ. ನಿಘಂಟುಕಾರರು ‘ಬಹುಶಃ’ ಎಂಬ ಮಾತನ್ನು ಸೇರಿಸಿ ತಮ್ಮ ಎಚ್ಚರವನ್ನು ಕಾಪಾಡಿಕೊಂಡಿದ್ದಾರೆ, ಅಷ್ಟೆ. ಬೂಷ್ಟಿನ ವಾಸನೆ ಅದಕ್ಕೆ ಆಮೇಲೆ, ನೆರೆಮನೆಯ ದೋಷದಿಂದ, ಅಂಟಿಕೊಂಡುದು.

ಆ ಹಳೆಯ ಮಣ್ಣಿನ ಶಬ್ದ ಇನ್ನೂ ಕೆಲವು ಎಡೆಗಳಲ್ಲಿ ಅವಿತುಕೊಂಡಿದೆ. ನೇಗಿಲಿನಲ್ಲಿ ಮಣ್ಣನ್ನು ಮಗುಚುವ ರೆಕ್ಕೆಗೆ ‘ಮೋಲ್ಡ್‌ಬೋರ್ಡ್’ ಎಂದು ಹೆಸರು. ನೆಲದಡಿ ಸುರಂಗ ತೋಡಿ ಹುಲ್ಲುಹಾಸನ್ನು ಕೆಡಿಸುವ ಮೋಲ್ ಎಂಬ ಪ್ರಾಣಿಯನ್ನು ಹಿಂದಿನವರು ‘ಮೋಲ್ಡ್‌ವಾರ್ಪ್’, ಮಣ್ಣೆಸೆಯುವುದು, ಎಂದು ಕರೆಯುತ್ತಿದ್ದರು. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿಯ ನಾಟಕದಲ್ಲಿಯೂ ಆ ಹೆಸರುಂಟು. ಜರ್ಮನರು ಅದೇ ಪದವನ್ನು ಬಳಸುತ್ತ ಬಳಸುತ್ತ ಅದರ ಮೊದಲರ್ಧಕ್ಕೆ ಮಣ್ಣೆಂದು ಅರ್ಥವಿದ್ದುದನ್ನೇ ಮರೆತು, ಮೂತಿಯಿಂದ ಎಸೆಯುವುದು ಎಂದು ತಿಳಿದುಕೊಂಡು, ಪದವನ್ನು ಆ ತಿಳಿವಳಿಕೆಗೆ ತಕ್ಕಂತೆ ತಿದ್ದಿಯೂಬಿಟ್ಟರು. ಇದಕ್ಕೂ ಹಿಂದಕ್ಕೆ ಹೋದರೆ, ಮಣ್ಣೆಂಬ ಅರ್ಥವೇ ಕರಗಿ, ಬೀಸುವುದು, ಅರೆಯುವುದು ಎಂಬ ಇಂಡೋ-ಯೂರೋಪಿಯನ್ ಧಾತು ಕಾಣಸಿಗುತ್ತದೆ. ಹಿಟ್ಟಿನ ‘ಮೀಲ್’, ಗಿರಣಿಯ ‘ಮಿಲ್’, ಅರೆಯುವ ದವಡೆಹಲ್ಲಿನ ‘ಮೋಲಾರ್’ ಎಲ್ಲವೂ ಆ ಧಾತುವಿನ ಸಂತತಿಯವೇ. ಮಣ್ಣೆಂದರೆ ಆ ಧಾತುವನ್ನಾಡಿದವರಿಗೆ ಬೀಸಿದ ನೆಲವಾಗಿತ್ತು. ಇನ್ನು ಕೊನೆಯಲ್ಲಿರುವ ‘ಅರ್’ ಪ್ರತ್ಯಯ, ಸಣ್ಣ ಕ್ರಿಯೆಯೊಂದು ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುವಂತಹುದು. ಒಮ್ಮೆ ತಟ್ಟಿದರೆ ‘ಪ್ಯಾಟ್’, ಮಳೆಹನಿಗಳು ಬಿಡದೆ ತಟ್ಟಿದರೆ ‘ಪ್ಯಾಟರ್’ ಆಗುವುದಷ್ಟೆ. ಹಾಗೆ ನೋಡಿದರೆ ‘ಮೋಲ್ಡರ್’ ಎಂಬುದು ಕೊಳೆಯುವುದೂ ಅಲ್ಲ, ಕುಸಿಯುವುದೂ ಅಲ್ಲ. ಕಣಕಣವಾಗಿ, ಬಿಡುವಿಲ್ಲದೆ, ಒಣಗಿದ ರೀತಿಯಲ್ಲಿ ಹುಡಿಮಣ್ಣಾಗುತ್ತ ಹೋಗುವುದು. ನಮ್ಮ ‘ಮಣ್ಣುಪಾಲಾಯಿತು’ ಎಂಬ ಮಾತು ಒಂದೇ ಏಟಿಗೆ ಮುಗಿದ ಅನಾಹುತವನ್ನು ಹೇಳಿದರೆ, ಇದು ಶತಮಾನಗಳ ಅವಧಿಯನ್ನು ಕೇಳುತ್ತದೆ.

ಈ ಹುಡಿಮಣ್ಣನ್ನು ಆದರದಿಂದ ನೋಡಿದ ಮಹಾಶಯ, ಯಾವ ಕವಿಯೂ ಅಲ್ಲ, ಚಾರ್ಲ್ಸ್ ಡಾರ್ವಿನ್. ಆತನ ಕೊನೆಯ ಗ್ರಂಥ 1881ರಲ್ಲಿ, ಸಾವಿಗೆ ಕೆಲವೇ ತಿಂಗಳು ಮುಂಚೆ, ಹೊರಬಂದಿತು. ಎರೆಹುಳುಗಳಿಂದ ‘ವೆಜಿಟಬಲ್ ಮೋಲ್ಡ್’ ಉಂಟಾಗುವ ಕ್ರಮವೇ ಅದರ ವಿಷಯ. ಶಿರೋನಾಮೆಯನ್ನು ನೋಡಿ ತರಕಾರಿಯ ಮೇಲಣ ಬೂಷ್ಟೆಂದು ಇಂದಿನ ಓದುಗನು ಭ್ರಮಿಸಿದರೆ ತಪ್ಪು ಅವನದಲ್ಲ. ಆದರೆ ಅಲ್ಲಿ ಉದ್ದಿಷ್ಟವಾದುದು ನೆಲದ ಮೇಲ್ಪದರದ ಕಪ್ಪು ಫಲವತ್ತಾದ ಮಣ್ಣು. ಸೋದರಮಾವನಾದ ಜೊಸಾಯ ವೆಜ್‌ವುಡ್ ತನ್ನ ಹೊಲದಲ್ಲಿ ಹಿಂದೆಂದೋ ಚೆಲ್ಲಿದ್ದ ಕೆಂಡದ ಕಿಟ್ಟ ತಾನಾಗಿಯೇ ನೆಲದೊಳಕ್ಕೆ ಇಳಿದಿರುವುದನ್ನು ತೋರಿಸಿದಂದಿನಿಂದ ಡಾರ್ವಿನನಿಗೆ ಈ ಚಿಂತೆ ಹತ್ತಿತ್ತು; 1837ರಲ್ಲಿಯೇ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಈ ಕುರಿತು ಪ್ರಬಂಧವನ್ನು ಓದಿದ್ದನು. ಅಲ್ಲಿಗೆ ತೃಪ್ತನಾಗದೆ 1842ರಲ್ಲಿ ತನ್ನ ಮನೆಯ ಬಳಿಯ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಕಾದು, 29 ವರ್ಷಗಳ ಮೇಲೆ ಕಂದಕ ತೋಡಿಸಿ ನೋಡಿದಾಗ, ಆ ಚೂರುಗಳು ಬಿಳಿಯ ಗೆರೆಯಂತೆ 7 ಅಂಗುಲ ಆಳದಲ್ಲಿ ಸಿಕ್ಕಿದವು. ಹುಳುಗಳು ಎಲೆಯನ್ನೂ ಮಣ್ಣನ್ನೂ ನುಂಗಿ, ತಮ್ಮ ಒಡಲಿನೊಳಗೆ ಅರೆದು, ಮೇಲಕ್ಕೆ ತಂದು ಹಾಕುತ್ತಿದ್ದವು. ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಮೀರಿ ಮಣ್ಣು ಹೀಗೆ ಅವುಗಳ ಮೈಯನ್ನು ಹಾದುಬರುವುದೆಂದು ಆತನ ಲೆಕ್ಕ. ಬೀಸುವುದೆಂಬ ಆದಿಧಾತು ಇಲ್ಲಿ ಅಕ್ಷರಶಃ ಸತ್ಯವಾದುದನ್ನು ಕಂಡು ಭಾಷಾಶಾಸ್ತ್ರಜ್ಞರು ಸಂತೋಷಪಡಬಹುದು.

ಬಳಕೆಯಲ್ಲಿ ಈ ಶಬ್ದಕ್ಕೆ ತನ್ನದೇ ಆದ ಮಡಿಯುಂಟು. ಪಾಳುಬಿದ್ದ ಮಠದ ಗೋಡೆ, ದಫ್ತರದ ಕಟ್ಟು, ಹೂತ ಶವ ಇವುಗಳಿಗೆ ಸಲ್ಲುತ್ತದೆ. ಹಾಲಿಗೆ, ಮೀನಿಗೆ ಸಲ್ಲದು. ಬಂದೀಖಾನೆಯಲ್ಲಿರುವವರು ‘ಮೋಲ್ಡರ್’ ಆಗುತ್ತಿದ್ದಾರೆಂದು ಪತ್ರಿಕೆಯವರು ಬರೆಯುವುದುಂಟು. ಸೆರೆಮನೆಯ ತೇವಕ್ಕೆ ‘ರಾಟ್’ ಎಂಬುದೇ ಯೋಗ್ಯವಾದ ಮಾತೆಂದು ನನಗೆ ತೋರುತ್ತದೆ. ಇನ್ನೂ ಒಂದು ವಿಶೇಷ: ಇದು ಹೆಚ್ಚಾಗಿ ವರ್ತಮಾನ ಕೃದಂತದಲ್ಲಿಯೇ ಬಾಳುತ್ತದೆ. ಇಂತಹ ಗೋಡೆ ನಿನ್ನೆ ಮೋಲ್ಡರ್ ಆಗಿ ಮುಗಿಯಿತೆಂದು ಯಾರೂ ಹೇಳರು.

ಜನಸಾಮಾನ್ಯರ ಬಾಯಿಗೆ ಅದನ್ನು ತಂದುದು ಅಮೆರಿಕದ ಅಂತರ್ಯುದ್ಧದ ಹಾಡು. ಗುಲಾಮಗಿರಿಯ ವಿರುದ್ಧ ಶಸ್ತ್ರವೆತ್ತಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ ಜಾನ್ ಬ್ರೌನನನ್ನು 1859ರ ಡಿಸೆಂಬರ್ 2ರಂದು ಗಲ್ಲಿಗೇರಿಸಿದರು. ಎರಡು ವರ್ಷಗಳೊಳಗೆ, ಬಾಸ್ಟನ್ನಿನ ಬಂದರಿನ ಕೋಟೆಯಲ್ಲಿದ್ದ ಸೈನಿಕರು, ತಮ್ಮೊಳಗೊಬ್ಬ ಅದೇ ಹೆಸರಿನ ಸಾರ್ಜೆಂಟನಿದ್ದುದರಿಂದ ಅವನನ್ನು ಗೇಲಿಮಾಡುತ್ತ, ಭಜನೆಯ ಧಾಟಿಯೊಂದಕ್ಕೆ ಮಾತು ಜೋಡಿಸಿದರು: ದೇಹ ಗೋರಿಯಲ್ಲಿ ಹುಡಿಯಾಗುತ್ತಿದೆ, ಆತ್ಮವಾದರೋ ನಡೆದೇ ಇದೆ ಎಂಬುದು ಅದರ ತಾತ್ಪರ್ಯ. ಜೂಲಿಯಾ ವಾರ್ಡ್ ಹೌ ಎಂಬಾಕೆ ಅದೇ ಧಾಟಿಗೆ ಬರೆದ ಗಂಭೀರವಾದ ಗೀತೆ 1862ರ ಫೆಬ್ರವರಿಯಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅಚ್ಚಾಯಿತು, ಅದರಲ್ಲಿ ನಮ್ಮ ಕ್ರಿಯಾಪದಕ್ಕೆ ಎಡೆಯಿಲ್ಲ. ಆಕೆಯ ಗೀತೆ ಹೆಚ್ಚು ಸಂಸ್ಕೃತವಾದುದು ದಿಟ. ನನಗೆ ಸೈನಿಕರ ಒರಟು ಹಾಡೇ ಮೇಲೆನಿಸುತ್ತದೆ. ಅಂದ ಹಾಗೆ ಬ್ರೌನ್ ಗಲ್ಲಿಗೇರಿದ ಆ 1859ರಲ್ಲಿಯೇ ಫಿಲಡೆಲ್ಫಿಯದಲ್ಲಿ ಕಬ್ಬಿಣದ ಎರಕಕ್ಕೆ ಅಚ್ಚು ಕಟ್ಟುವ ಕೆಲಸಗಾರರೆಲ್ಲ ಸೇರಿ ತಮ್ಮದೊಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಅವರ ಕಸುಬಿನ ಹೆಸರೂ ‘ಮೋಲ್ಡರ್’. ಅದು ಎರಡನೆಯ ಮನೆಯವರದು.