ಹೆಸರು ಕೊಟ್ಟು ಮರೆಯಾದ ಕಡೂರು ಸೀಮೆ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾಫಿ ತೋಟ, ಬಾಬಾಬುಡನ್‌ಗಿರಿ ಮತ್ತು ಬಿಡದೆ ಸುರಿಯುವ ಮಳೆ. ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿರುವ ಪಂಚನಹಳ್ಳಿಗೆ ಬಂದರೆ ಕಾಣುವುದು ಬೇರೆಯೇ ಚಿತ್ರ. ಅಲ್ಲಿ ರಾಗಿ ಹೊಲ, ತೆಂಗಿನ ತೋಟ, ಕುರಿಮಂದೆ, ಮಳೆಗೆ ಕಾದಿರುವ ಕೆರೆ. ಕಡೂರು, ಅಜ್ಜಂಪುರ ಮತ್ತು ತರೀಕೆರೆಯ ಬಯಲು ಭಾಗಕ್ಕೆ ಸೇರಿದ ಈ ಸೀಮೆ ಒಂದು ಕಾಲಕ್ಕೆ ಮಲೆನಾಡೂ ಸೇರಿದಂತೆ ಇಡೀ ಜಿಲ್ಲೆಗೆ ತನ್ನ ಹೆಸರು ಕೊಟ್ಟಿತ್ತು. 1947ರವರೆಗೆ ಇದು ‘ಕಡೂರು ಜಿಲ್ಲೆ’. ಈ ನಾಡಿನಲ್ಲಿ ದೊಡ್ಡ ರಾಜಧಾನಿ ಇರಲಿಲ್ಲ. ಇದರ ಚರಿತ್ರೆಯನ್ನು ಕೆರೆಗಳಲ್ಲಿ ಮತ್ತು ಹುಲ್ಲುಗಾವಲುಗಳಲ್ಲಿ ಹುಡುಕಬೇಕು.

ಬಯಲುಸೀಮೆಯ ಆದಿ ನಿವಾಸಿಗಳ ಬದುಕು ಸ್ಪಷ್ಟವಾಗಿ ತಿಳಿದುಬಂದದ್ದು ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಅವುಗಳ ನಂತರದ ಕಾಲದ ಬೃಹತ್ ಶಿಲಾ ಸಮಾಧಿಗಳು ದೊರೆತವು. ದಕ್ಷಿಣದ ನವಶಿಲಾಯುಗದ ಜನರಿಗೆ ದನಕರುಗಳೇ ಮುಖ್ಯ ಸಂಪತ್ತಾಗಿದ್ದವು. ಮುಂದೆ ಕೃಷಿ ಹಬ್ಬಿದಂತೆ ಮಳೆನೀರನ್ನು ಹಿಡಿದಿಡುವ ಜಾಣ್ಮೆಯೂ ಬೆಳೆಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ವಿಚಾರವನ್ನೇ.

ಕಡೂರು ಸೀಮೆಗೆ ಪ್ರಕೃತಿಯೇ ಒಂದು ಅನುಕೂಲ ಒದಗಿಸಿತ್ತು. ಪಶ್ಚಿಮದ ಚಂದ್ರದ್ರೋಣ ಪರ್ವತದಿಂದ ಇಳಿಯುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಒಂದರ ಹಾದಿಯಲ್ಲಿ ಅಯ್ಯನಕೆರೆ, ಇನ್ನೊಂದರ ಹಾದಿಯಲ್ಲಿ ಮದಗದ ಕೆರೆ. ಬೆಟ್ಟದ ಮಳೆಯನ್ನು ಬಯಲಿನ ಬೆಳೆಗೆ ಒದಗಿಸಿದ ಈ ಎರಡು ಕೆರೆಗಳು ಇಂದಿಗೂ ಈ ಭಾಗದ ಜೀವನಾಡಿಗಳು.

ಶಾಸನಗಳ ಸಾಕ್ಷ್ಯ

ಗಂಗರ ಕಾಲಕ್ಕೆ ಬರುವಷ್ಟರಲ್ಲಿ ಇಲ್ಲಿನ ಜನರ ಹೆಸರುಗಳೇ ಕೇಳಿಸತೊಡಗುತ್ತವೆ. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆ ಬೋಳಿಸಿಕೊಂಡು, 30 ವರ್ಷ ತಪಸ್ಸು ಮಾಡಿ, ಕ್ರಿ.ಶ. 971ರಲ್ಲಿ ಕಾಲವಾದಳೆಂದು ಕಡೂರಿನ ಶಾಸನ ತಿಳಿಸುತ್ತದೆ. ಅರಮನೆ ತೊರೆದ ಹೆಣ್ಣುಮಗಳೊಬ್ಬಳ ಬದುಕು ಹೀಗೆ ಕಲ್ಲಿನಲ್ಲಿ ಉಳಿದಿದೆ. ಗಂಗರ ಪ್ರಾಬಲ್ಯ ಕುಗ್ಗಿದ ಮೇಲೂ ಆ ವಂಶದ ಒಂದು ಶಾಖೆ ಹೊಯ್ಸಳರ ಅಧೀನದಲ್ಲಿ ಆಸಂದಿ ನಾಡನ್ನು ಆಳಿಕೊಂಡಿತ್ತು.

ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರನು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿಸಿದ ದೇವಾಲಯ ಆ ಕಾಲದ ಸಮೃದ್ಧಿಗೆ ಸಾಕ್ಷಿ. ಅದರ ಗೋಡೆಯ ಮೇಲೆ ರಾಮಾಯಣ, ಮಹಾಭಾರತ ಮತ್ತು ಕೃಷ್ಣನ ಕಥೆಗಳು ಸಾಲಾಗಿ ಮೂಡಿವೆ. ಇಲ್ಲಿನ ಶಾಸನವನ್ನು ರಚಿಸಿದಾತ ‘ಯಶೋಧರ ಚರಿತೆ’ಯ ಕವಿ ಜನ್ನ.

ದಂಡಿಗೆ ದುಡಿದ ದನ

ವಿಜಯನಗರದ ನಂತರ ಈ ಭಾಗ ತರೀಕೆರೆಯ ಪಾಳೆಯಗಾರರು, ಇಕ್ಕೇರಿಯ ನಾಯಕರು ಮತ್ತು ಮೈಸೂರಿನ ಒಡೆಯರ ನಡುವಿನ ಪೈಪೋಟಿಗೆ ಸಿಕ್ಕಿತು. ಚಿಕ್ಕದೇವರಾಜ ಒಡೆಯರ (1672-1704) ಕಾಲದ ‘ಬೆಣ್ಣೆ ಚಾವಡಿ’ ಅರಮನೆಯ ಹಸುಗಳನ್ನು ನೋಡಿಕೊಳ್ಳುತ್ತಿತ್ತು. ಇದಕ್ಕೆ ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಅಷ್ಟರಲ್ಲಿ ಈ ತಳಿಯ ಎತ್ತುಗಳು ಫಿರಂಗಿ ಎಳೆಯುವ ದಂಡಿನ ಬಲವಾಗಿದ್ದವು. ಅವುಗಳ ಮೇವಿಗೆಂದು ಬಯಲುಸೀಮೆಯ ಉದ್ದಗಲಕ್ಕೂ ಕಾವಲುಗಳನ್ನು ಮೀಸಲಿಡಲಾಯಿತು. 1799ರ ನಂತರ ಬ್ರಿಟಿಷರೂ ಇವನ್ನು ಬಿಡಲಿಲ್ಲ. 1860ರಲ್ಲಿ ಖರ್ಚು ಉಳಿಸಲು ಮಂದೆಗಳನ್ನು ಮಾರಿದ ಸರ್ಕಾರ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ದನಕ್ಕೆ ಸಿಕ್ಕ ಆರೈಕೆ ರೈತನಿಗೆ ಸಿಗಲಿಲ್ಲ. ಇಂತಿಷ್ಟು ಕಂದಾಯ ತಂದೇ ತೀರುತ್ತೇವೆಂದು ಅಮಲ್ದಾರರು ಒಪ್ಪಿಕೊಳ್ಳುತ್ತಿದ್ದ ‘ಶರತ್ತು’ ಪದ್ಧತಿಯ ಭಾರ ಬಿದ್ದದ್ದು ಉಳುವವನ ಮೇಲೆ. 1830-31ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದಾಗ ತರೀಕೆರೆ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ಕೈಜೋಡಿಸಿದ. ಈ ದಂಗೆಯನ್ನೇ ಕಾರಣವಾಗಿಸಿಕೊಂಡ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿದ್ದು 50 ವರ್ಷಗಳ ನಂತರ.

ಈ ಅವಧಿಯಲ್ಲೇ, 1863ರಲ್ಲಿ, ಕಡೂರು ಜಿಲ್ಲೆ ರೂಪುಗೊಂಡಿತು. ಎರಡೇ ವರ್ಷದಲ್ಲಿ ಅದರ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಕಚೇರಿ ಮೊದಲು ಹೋಯಿತು, ಎಂಟು ದಶಕಗಳ ನಂತರ ಹೆಸರೂ ಹೋಯಿತು. ನಡುವೆ ಬಂದ 1876-78ರ ಭೀಕರ ಬರದಿಂದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಸುಮಾರು 50.5 ಲಕ್ಷದಿಂದ 1881ರಲ್ಲಿ 41.8 ಲಕ್ಷಕ್ಕೆ ಕುಸಿದಿತ್ತು. ರೈಲು ಬಂದರೆ ಬರಕಾಲದಲ್ಲಿ ಧಾನ್ಯ ಸಾಗಿಸಬಹುದೆಂಬ ಪಾಠವನ್ನು ಸರ್ಕಾರ ಕಲಿತದ್ದು ಆಗ. ಬೆಂಗಳೂರು-ಹರಿಹರ ಮಾರ್ಗ ಈ ಬಯಲಿನಲ್ಲೇ ಹಾದುಹೋಯಿತು. 1899ರಲ್ಲಿ ಶಿವಮೊಗ್ಗಕ್ಕೆ ಕವಲು ಮಾರ್ಗ ಆರಂಭವಾಗಿ ಬೀರೂರು ಜಂಕ್ಷನ್ ಆಯಿತು. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಓಡಿದ್ದು 2013ರಲ್ಲಿ.

ಇಂದು ಅಜ್ಜಂಪುರ ಪ್ರತ್ಯೇಕ ತಾಲ್ಲೂಕು. ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವೂ ಅಲ್ಲಿದೆ. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ಬೇಡಿಕೆ ಇಳಿದಿದೆ, ಸಾಗುವಳಿ ಮತ್ತು ಇತರ ಉದ್ದೇಶಗಳಿಗೆ ಹಂಚಿಹೋಗಿ ಕಾವಲುಗಳೂ ಕಿರಿದಾಗಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ್ದರಿಂದ ಅಲ್ಲಿ ಹಳೆಯ ಹುಲ್ಲುಗಾವಲಿನ ಒಂದು ತುಣುಕು ಉಳಿದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಉದ್ದದ ಸುರಂಗ ದಾಟಿ ಚಿತ್ರದುರ್ಗದ ಕಡೆಗೆ ಹರಿಯುತ್ತದೆ. ಬೆಟ್ಟದ ನೀರನ್ನು ಬಯಲಿಗೆ ತರುವ ಹಳೆಯ ಕೆಲಸವೇ ಈಗ ಯಂತ್ರಗಳಿಂದ ನಡೆದಿದೆ. ಆ ನೀರು ಬಂದಾಗ ತುಂಬಿಕೊಳ್ಳಲು ಊರ ಕೆರೆಗಳು ಹೂಳಿಲ್ಲದೆ, ಒತ್ತುವರಿಯಿಲ್ಲದೆ ಉಳಿದಿರಬೇಕು, ಅಷ್ಟೆ.